ಬಾರಿಸಿದವನ ಹೆಸರು

ಕೀಬೋರ್ಡ್ ಕಲಿಯಬೇಕೆಂದು ನನ್ನ ಹತ್ತಿರ ಬರುವವರು ಮೊದಲು ಕೇಳುವುದು ಯಾವ ಕೀಬೋರ್ಡ್ ಕೊಳ್ಳಬೇಕು ಎಂದು. ಆಮೇಲೆ ಟ್ರ್ಯಾಕ್ ಮಾಡುವುದು ಹೇಗೆ ಎಂದು ಕೇಳುತ್ತಾರೆ. ಬಾರಿಸುವುದು ಹೇಗೆ ಎಂದು ಕೇಳುವವರು ಕಡಿಮೆ. ಬಾರಿಸಿದ ಮೇಲೆ ನಮ್ಮ ಹೆಸರು ಎಲ್ಲಿ ಹೋಗುತ್ತದೆ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಅವರ ವಯಸ್ಸಿನಲ್ಲಿ ನಾನೂ ಕೇಳಲಿಲ್ಲ. ಕೇಳದೆ ಏನಾಯಿತು ಎಂಬುದನ್ನು ಈಗ ಬರೆಯುತ್ತಿದ್ದೇನೆ. ಸಮಾಧಾನದಿಂದ ಬರೀಬೇಕು ಎಂದು ಮಗಳು ಹೇಳಿದ್ದಾಳೆ. ಪ್ರಯತ್ನ ಮಾಡುತ್ತೇನೆ. ಮಾತು ಕೊಡುವುದಿಲ್ಲ.

ನನ್ನ ಹೆಸರು ಮಾದಯ್ಯ. ಹೊಳೆನರಸೀಪುರದವನು. ಮೂವತ್ತೆಂಟು ವರ್ಷ ನಾಟಕಗಳಿಗೆ ಹಾರ್ಮೋನಿಯಂ, ಆಮೇಲೆ ಕೀಬೋರ್ಡ್ ಬಾರಿಸಿದೆ. ನಮ್ಮ ಕಡೆಯ ಪೌರಾಣಿಕ ನಾಟಕ ನೋಡದವರಿಗಾಗಿ ನನ್ನ ಕೆಲಸ ಏನೆಂದು ಹೇಳುತ್ತೇನೆ. ಒಂದು ಊರಿನ ಹತ್ತು ಹದಿನೈದು ಜನ ಸೇರಿ ನಾಟಕ ಆಡಬೇಕು ಎಂದು ತೀರ್ಮಾನಿಸುತ್ತಾರೆ. ಅವರಲ್ಲಿ ಉಳುವವನಿರುತ್ತಾನೆ, ಹಾಲಿನ ಡೇರಿಯ ಸೆಕ್ರೆಟರಿ ಇರುತ್ತಾನೆ, ಬಸ್ಸಿನ ಕಂಡಕ್ಟರ್ ಇರುತ್ತಾನೆ. ಹಾಡಲು ಬರುವವರು ಇಬ್ಬರೋ ಮೂವರೋ. ಅವರನ್ನೆಲ್ಲ ಕೂರಿಸಿಕೊಂಡು ಎರಡು ಮೂರು ತಿಂಗಳು ಪದ ಕಲಿಸಿ, ಮಾತು ತಿದ್ದಿ, ಆಟದ ದಿನ ಸ್ಟೇಜಿನ ಪಕ್ಕ ಕೂತು ಕೊನೆಯ ಪದದವರೆಗೆ ಬಾರಿಸುವವನೇ ಪೆಟ್ಟಿಗೆ ಮೇಷ್ಟ್ರು. ಹಾರ್ಮೋನಿಯಂ ಅನ್ನು ನಮ್ಮಲ್ಲಿ ಪೆಟ್ಟಿಗೆ ಎನ್ನುತ್ತಾರೆ.

ಅಪ್ಪ ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ನಾನೂ ಅಲ್ಲಿಗೇ ಸೇರಿದೆ. ವರ್ಷ ತುಂಬುವುದರೊಳಗೆ ಮಿಷನ್ನಿನ ಬೆಲ್ಟಿಗೆ ಸಿಕ್ಕಿ ಬಲಗೈಯ ಉಂಗುರದ ಬೆರಳಿನ ತುದಿ ಹೋಯಿತು. ಕೈಗೆ ಬಟ್ಟೆ ಸುತ್ತಿಕೊಂಡು ಕೆಲಸವಿಲ್ಲದೆ ತಿರುಗುತ್ತಿದ್ದ ದಿನಗಳಲ್ಲಿ ಪೇಟೆ ಬೀದಿಯ ಟೈಲರ್ ರಂಗಪ್ಪ ಮೇಷ್ಟ್ರ ಅಂಗಡಿಯ ಮುಂದೆ ಹೋಗಿ ನಿಲ್ಲುತ್ತಿದ್ದೆ. ಅವರು ಹಗಲು ಬಟ್ಟೆ ಹೊಲಿಯುತ್ತಿದ್ದರು, ಸಂಜೆ ನಾಟಕ ಕಲಿಸುತ್ತಿದ್ದರು. ಅವರ ಪೆಟ್ಟಿಗೆ ಬಟ್ಟೆ ಕತ್ತರಿಸುವ ಟೇಬಲ್ಲಿನ ಕೆಳಗಿರುತ್ತಿತ್ತು. ಗಿರಾಕಿ ಇಲ್ಲದಾಗ ಎಳೆದುಕೊಂಡು ಬಾರಿಸುತ್ತಿದ್ದರು.

ಒಂದು ದಿನ ಅವರೇ ಕೇಳಿದರು. "ಏನ್ಲಾ, ದಿನಾ ಬಂದು ನಿಂತ್ಕತೀಯ? ಬಟ್ಟೆ ಒಲ್ಸಕ್ಕಾ, ಪದ ಕೇಳಕ್ಕಾ?"

"ಪದ ಕೇಳಕ್ಕೆ ಸಾ."

"ಅಂಗಾರೆ ಒಳಿಕ್ ಬಾ. ಬೀದೀಲಿ ನಿಂತ್ರೆ ಅರ್ಧ ಕೇಳ್ತದೆ ಅಷ್ಟೆ."

ಆ ಕಾಲಕ್ಕೆ, ಆ ಬೀದಿಯಲ್ಲಿ, ನನ್ನಂಥವನನ್ನು ಒಳಗೆ ಬಾ ಎನ್ನುವುದು ಸಣ್ಣ ಮಾತಲ್ಲ. ಕೆಲವು ಗಿರಾಕಿಗಳು ಅಂಗಡಿ ಬದಲಿಸಿದರು. ಮೇಷ್ಟ್ರು ಅದನ್ನು ನನಗೆ ಹೇಳಲೇ ಇಲ್ಲ. ಬಹಳ ವರ್ಷದ ಮೇಲೆ ಅವರ ಹೆಂಡತಿಯ ಬಾಯಿಂದ ತಿಳಿಯಿತು. ತುದಿ ಇಲ್ಲದ ಬೆರಳು ನೋಡಿ ನಾನೇ ಹಿಂಜರಿದಾಗ, "ಆ ಬೆಳ್ಳಿನ ಕೆಲ್ಸವ ಪಕ್ಕದ ಬೆಳ್ಳಿಗೆ ಏಳ್ಕೊಡು, ಅದು ಮಾಡ್ತದೆ" ಎಂದರು. ಹಾಗಾಗಿ ನನ್ನ ನಡುಬೆರಳು ಎರಡು ಬೆರಳಿನ ಕೆಲಸ ಕಲಿಯಿತು. ಒಂದು ಸ್ವರಕ್ಕೆ ಹೋಗುವ ಮೊದಲು ಪಕ್ಕದ ಮನೆಯನ್ನು, ಪೆಟ್ಟಿಗೆಯ ಕೀಗೆ ನಾವು ಮನೆ ಎನ್ನುತ್ತೇವೆ, ಒಂದು ಕ್ಷಣ ಸವರಿಕೊಂಡು ಜಾರುತ್ತದೆ. ತಿಳಿದವರು ಅದನ್ನು ಕೇಳಿಯೇ ಮಾದಯ್ಯನ ಪೆಟ್ಟಿಗೆ ಎನ್ನುತ್ತಿದ್ದರು. ಶೋಕಿಗೆ ಬಂದದ್ದಲ್ಲ ಅದು, ಬೆಲ್ಟು ಕೊಟ್ಟದ್ದು.

ಮೇಷ್ಟ್ರು ಕಲಿಸಿದ ಮುಖ್ಯ ಪಾಠ ಒಂದೇ. ಹಾಡುವವನ ಉಸಿರು ಕೇಳು. ಅವನು ಉಸಿರು ತೆಗೆದುಕೊಳ್ಳುವಾಗ ನೀನು ನಿಲ್ಲು.

ಈ ಪಾಠವನ್ನು ನಾನು ನುಗ್ಗೇಹಳ್ಳಿಯಲ್ಲಿ ಮರೆತೆ. ಅದು ನಾನೊಬ್ಬನೇ ಹೋಗಿ ಕಲಿಸಿದ ಮೊದಲ ನಾಟಕ. ರಾಜನ ಪಾರ್ಟು ಹಿಟ್ಟಿನ ಗಿರಣಿಯ ಸಣ್ಣಪ್ಪನವರದು. ಅವರ ದನಿಗೆ ಕುಳಿತ ಶ್ರುತಿಗಿಂತ ಎರಡು ಮನೆ ಮೇಲಕ್ಕೆ ಹಿಡಿದರೆ ಸಭೆ ನಡುಗುತ್ತದೆ ಎಂದು ನನಗೆ ಅನ್ನಿಸಿತು. ಯಾರನ್ನೂ ಕೇಳದೆ ಹಿಡಿದೆ. ಮೊದಲ ಪದದ ಮೇಲುಸ್ವರಕ್ಕೆ ಹೋದ ರಾಜರ ಗಂಟಲು ಹುಂಜದ ಹಾಗೆ ಕೂಗಿ ನಿಂತಿತು. ಸಣ್ಣಪ್ಪನವರು ಕತ್ತಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಸ್ಟೇಜಿನ ಅಂಚಿಗೆ ಬಂದು, ಇಡೀ ಸಭೆಗೆ ಕೇಳುವ ಹಾಗೆ, "ಮೇಷ್ಟ್ರೇ, ನಾನು ರಾಜ. ನನ್ನನ್ಯಾಕೆ ಮರ ಅತ್ತಿಸ್ತೀರಿ? ಕೆಳೀಕ್ ಇಳ್ಸಿ" ಎಂದರು. ಜನ ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಆ ಬಯ್ಗುಳ ನನಗೆ ಸಲ್ಲಬೇಕಾದದ್ದೇ. ಈ ಬರಹದಲ್ಲಿ ನನಗೆ ಸಿಟ್ಟಿಲ್ಲದ ಭಾಗ ಇಲ್ಲಿಗೆ ಮುಗಿಯಿತು.

ಮದುವೆಯಾಗಿ ಮಗಳು ಹುಟ್ಟಿದ ಮೇಲೆ ಕೀಬೋರ್ಡ್ ಕಲಿತು ಹಾಸನದ ಆರ್ಕೆಸ್ಟ್ರಾಗಳಿಗೂ ಹೋಗತೊಡಗಿದೆ. ಅಲ್ಲಿ ಕ್ಯಾಸೆಟ್ ಅಂಗಡಿಯ ನಾಗೇಶ್ ಪರಿಚಯವಾದ. ಮಾತು ನಯ, ತಲೆ ಚುರುಕು. ಅವನೊಂದು ಹೊಸ ಕೀಬೋರ್ಡ್ ತರಿಸಿದ. ಅದಕ್ಕೆ ಪಕ್ಕದಲ್ಲಿ ಫ್ಲಾಪಿ ಹಾಕುವ ಸೀಳು ಇತ್ತು. ನಾವು ಬಾರಿಸಿದ್ದನ್ನು ಫ್ಲಾಪಿಯಲ್ಲಿ ಇಟ್ಟುಕೊಂಡು, ಬೇಕೆಂದಾಗ ತಾನೇ ಬಾರಿಸುತ್ತಿತ್ತು.

"ಮೇಷ್ಟ್ರೇ, ನಾಟಕದ ಪದ ಎಲ್ಲಾ ಇದ್ರಲ್ಲಿ ತುಂಬ್ಸಿಕೊಡಿ" ಎಂದ ನಾಗೇಶ್. "ಮೇಷ್ಟ್ರು ಸಿಗದ ಹಳ್ಳಿಯವ್ರು ಪ್ರಾಕ್ಟೀಸ್ ಮಾಡ್ಕೊಳ್ಳಲಿ."

ಅವನ ಅಂಗಡಿಯ ಹಿಂದಿನ ರೂಮಿನಲ್ಲಿ ಎರಡು ತಿಂಗಳು ಕೂತೆ. ಕ್ಯಾಸೆಟ್ಟಿಗೆ ಬಾರಿಸುವಾಗ ಫ್ಯಾನ್ ನಿಲ್ಲಿಸಬೇಕಿತ್ತು, ಕೆಮ್ಮುವಂತಿರಲಿಲ್ಲ. ಇದಕ್ಕೆ ಆ ಕಾಟವಿಲ್ಲ. ಫ್ಯಾನ್ ತಿರುಗಲಿ, ಬೀದಿಯಲ್ಲಿ ಲಾರಿ ಹೋಗಲಿ, ಈ ಯಂತ್ರಕ್ಕೆ ಸದ್ದು ಬೇಡ, ಬೆರಳು ಸಾಕು. ಯಾವ ಮನೆ ಒತ್ತಿದೆ, ಎಷ್ಟು ಜೋರಾಗಿ ಒತ್ತಿದೆ, ಯಾವಾಗ ಬಿಟ್ಟೆ, ಇಷ್ಟೇ ಅದರ ಲೆಕ್ಕ. ಮೊದಲ ಪದ ಮುಗಿಸಿ ಕೈ ಎತ್ತಿ ಕೂತೆ. ನಾಗೇಶ್ ಗುಂಡಿ ಒತ್ತಿದ. ಮುಟ್ಟದ ಕೀಬೋರ್ಡಿನಿಂದ ನನ್ನ ನಡುಬೆರಳು ಜಾರುವುದು ಕೇಳಿಸಿತು. ಹೆಮ್ಮೆಯೇ ಪಟ್ಟೆ, ಸುಳ್ಳು ಹೇಳುವುದಿಲ್ಲ. ಒಂದೊಂದು ಪದವನ್ನೂ ಮೂರು ಮೂರು ಶ್ರುತಿಯಲ್ಲಿ ಬಾರಿಸಿದೆ. ಹಾಡುವವನು ಎದುರಿಗಿಲ್ಲವಲ್ಲ, ಅವನು ಎಲ್ಲಿ ಉಸಿರು ತೆಗೆದುಕೊಂಡಾನು ಎಂದು ಊಹಿಸಿ ಅಲ್ಲಲ್ಲಿ ಜಾಗ ಬಿಟ್ಟೆ.

ನಾಗೇಶನಿಂದ ನಾನು ಬಾಯಿಬಿಟ್ಟು ಕೇಳಿದ್ದು ಒಂದೇ, ಲೇಬಲ್ಲಿನ ಮೇಲೆ ನನ್ನ ಹೆಸರು. "ಅದನ್ನ ನೀವು ಕೇಳ್ಬೇಕಾ ಮೇಷ್ಟ್ರೇ?" ಎಂದ.

ಲೇಬಲ್ ಬಂತು. ಮನೆಗೆ ಒಯ್ದು ಮಗಳ ಕೈಗೆ ಕೊಟ್ಟೆ. ಅವಳಾಗ ಆರನೇ ಕ್ಲಾಸು. ಜೋರಾಗಿ ಓದಿದಳು. "ಕೀಬೋರ್ಡ್, ಮಾಧವ್." ಆಮೇಲೆ ತಲೆ ಎತ್ತಿ, "ಅಪ್ಪಾ, ಈ ಮಾಧವ್ ಯಾರು?" ಎಂದು ಕೇಳಿದಳು.

ನಾಗೇಶನನ್ನು ಕೇಳಿದಾಗ, "ಕೇಳೋಕೆ ಸ್ಟೈಲಾಗಿರ್ಲಿ ಅಂತ ಮೇಷ್ಟ್ರೇ. ಮಾದ, ಮಾಧವ, ಎರಡಕ್ಕೂ ಎಷ್ಟು ದೂರ?" ಎಂದು ನಕ್ಕ. ನಾನೂ ನಕ್ಕೆ. ನನ್ನ ಮೇಲೆ ನನಗಿರುವ ಸಿಟ್ಟು ಆ ನಗುವಿನದು. ಅಚ್ಚಾದ ಅಕ್ಷರ ಕಂಡು ಮರುಳಾಗಿದ್ದೆ. ಯಾವ ಹೆಸರಾದರೇನು, ಕೈ ನನ್ನದೇ ಎಂದುಕೊಂಡೆ.

ಫ್ಲಾಪಿ ಜಿಲ್ಲೆಯೆಲ್ಲ ಓಡಾಡಿತು. ಮರುವರ್ಷ ಅರಕಲಗೂಡಿನ ಆಚೆಯ ಒಂದು ಊರಿನವರು ನಾಗೇಶನ ಮೂಲಕ ಹೇಳಿ ಕಳಿಸಿದರು. ಮಾಧವ್ ಮೇಷ್ಟ್ರೇ ಖುದ್ದಾಗಿ ಬಂದು ನಾಟಕ ಕಲಿಸಬೇಕು ಎಂದು. ಆ ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಆ ಒಂದೇ ಊರಿನ ತಪ್ಪು ಎಂದುಕೊಂಡು ನೀವು ಆರಾಮವಾಗಿರುತ್ತೀರಿ.

ಮಧ್ಯಾಹ್ನದ ಬಸ್ಸಿಗೆ ಹೋದೆ. ತಂಡದ ಯಜಮಾನರು ಜವರೇಗೌಡರು ಬಸ್ಸಿನ ಹತ್ತಿರಕ್ಕೇ ಬಂದಿದ್ದರು. ಮನೆಯ ಜಗಲಿಯಲ್ಲಿ ಚಾಪೆ ಹಾಸಿ ಕೂರಿಸಿ ಕಾಫಿ ಕೊಟ್ಟರು. ಹೊದಿಸಲು ಒಂದು ಶಾಲು ತಂದು ಬೆಂಚಿನ ಮೇಲಿಟ್ಟಿದ್ದರು. "ನಿಮ್ ಫ್ಲಾಪಿ ಕೇಳಿ ನಮ್ಮೋರು ಉಚ್ಚೆದ್ದೋಗವ್ರೆ ಮಾಧವ್ ಮೇಷ್ಟ್ರೇ" ಎಂದರು. ನನ್ನ ಹೆಸರು ಮಾದಯ್ಯ ಎಂದು ಹೇಳಲು ಬಾಯಿ ತೆರೆದೆ. ಕಾಫಿ ಕುಡಿದು ಹೇಳೋಣ ಎಂದುಕೊಂಡೆ.

ಅಷ್ಟರಲ್ಲಿ ಒಬ್ಬ ಭತ್ತದ ದಲ್ಲಾಳಿ ಜಗಲಿ ಹತ್ತಿದ. ಹೊಳೆನರಸೀಪುರದ ಮಿಲ್ಲಿಗೆ ಭತ್ತ ತರುತ್ತಿದ್ದವನು. ನನ್ನನ್ನೇ ನೋಡಿದ. "ಲೇ, ನೀನು ಮಿಲ್ಲಿನ ಚಿಕ್ಕಯ್ಯನ ಮಗ ಮಾದ ಅಲ್ವೇನ್ಲಾ?"

"ಔದು" ಎಂದೆ.

ಯಾರೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಜವರೇಗೌಡರು ಒಳಗೆ ಹೋಗಿ ಬಂದರು. ನಾನು ಕೆಳಗಿಟ್ಟಿದ್ದ ಲೋಟವನ್ನು ಒಳಗೆ ಒಯ್ಯಲಿಲ್ಲ. ಎಲೆಯಡಿಕೆ ತಟ್ಟೆ ಒಳಗೆ ಹೋಯಿತು, ಶಾಲು ಒಳಗೆ ಹೋಯಿತು, ಲೋಟ ಮಾತ್ರ ಕಾಂಪೌಂಡಿನ ಗೋಡೆಯ ಮೇಲೆ ಬೋರಲಾಯಿತು.

"ಪ್ರಾಕ್ಟೀಸು ದೇವಸ್ಥಾನದ ಒಳ್ಗೆ ನೋಡಿ ಮೇಷ್ಟ್ರೇ" ಎಂದರು ಜವರೇಗೌಡರು. ಅವರಿಗೆ ನನ್ನ ಮುಖ ನೋಡಲಾಗುತ್ತಿರಲಿಲ್ಲ. "ನಾನೇನೂ ಅನ್ನಲ್ಲ. ಊರವ್ರದ್ದು ನಿಮ್ಗೇ ಗೊತ್ತಲ್ಲ."

"ಇಸ್ಕೂಲಲ್ಲಿ ಮಾಡಣ ಯಜಮಾನ್ರೇ."

"ಅದ್ಯಾಕೆ ಬುಡಿ. ಫ್ಲಾಪಿ ಐತಲ್ಲ, ಅದ್ರಲ್ಲೇ ಮಾಡ್ಕತೀವಿ. ನಿಮ್ಗ್ಯಾಕೆ ತೊಂದ್ರೆ."

ಬಸ್ಸಿಗೆ ಒಂದು ಗಂಟೆ ಕಾಯಬೇಕಿತ್ತು. ನಿಲ್ದಾಣದ ಎದುರಿಗೇ ದೇವಸ್ಥಾನ. ತಂಡದವರು ಒಬ್ಬೊಬ್ಬರಾಗಿ ಒಳಗೆ ಹೋದರು. ಫ್ಲಾಪಿ ಹಾಕಲು ತಂದಿಟ್ಟಿದ್ದ ಕೀಬೋರ್ಡಿಗೆ ಪೂಜೆ ಮಾಡಿರಬೇಕು, ಊದುಬತ್ತಿಯ ವಾಸನೆ ರಸ್ತೆಯವರೆಗೆ ಬಂತು. ಆಮೇಲೆ ಪದ ಶುರುವಾಯಿತು. ಬಾಗಿಲಿನ ಒಳಗಿನಿಂದ ನನ್ನ ನಡುಬೆರಳು ಜಾರುತ್ತಿತ್ತು. ಬೆಲ್ಟಿಗೆ ಸಿಕ್ಕ ಬೆರಳಿನ ಕೆಲಸವನ್ನು ಪಕ್ಕದ ಬೆರಳು ಮಾಡುತ್ತಿತ್ತು, ಗರ್ಭಗುಡಿಯಿಂದ ಹತ್ತು ಮಾರು ದೂರದಲ್ಲಿ. ಆ ಬೆರಳಿನವನು ಬಸ್ಸಿಗೆ ಕಾಯುತ್ತಾ ರಸ್ತೆಯಲ್ಲಿದ್ದ. ಒಳಗೆ ಹೋಗಿ ಆ ಫ್ಲಾಪಿ ಕಿತ್ತುಕೊಂಡು ಬರಬೇಕು ಎನ್ನಿಸಿತು. ಹೋಗಲಿಲ್ಲ. ಹೋಗಿದ್ದರೆ ಏನಾಗುತ್ತಿತ್ತು ಎಂದು ನನ್ನಂಥವರಿಗೆ ಗೊತ್ತು.

ಮರುದಿನ ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ ನಾಗೇಶನ ಎದುರಿಗಿದ್ದೆ. ನಡೆದದ್ದೆಲ್ಲ ಕೇಳಿ ಅವನು ಹೇಳಿದ್ದು ಹೀಗೆ: "ನಿಮ್ಮ ಒಳ್ಳೇದಕ್ಕೇ ಮಾಡಿದ್ದು ಮೇಷ್ಟ್ರೇ. ಮಾದಯ್ಯ ಅಂತ ಹಾಕಿದ್ರೆ ಆ ಫ್ಲಾಪಿ ದೇವಸ್ಥಾನದ ಒಳಗೆ ಹೋಗ್ತಿತ್ತಾ?"

"ಹೋಗದಿದ್ರೆ ಹೊರಗಿರ್ಲಿ. ನಾನೂ ಹೊರಗೇ ಇದೀನಿ. ಲೇಬಲ್ ತೆಗ್ಸು."

"ಅಚ್ಚಾಗಿ ಹೋಗಿದೆಯಲ್ಲ."

"ಹೊಸದು ಅಚ್ಚು ಹಾಕ್ಸು."

ಹಾಕಿಸಲಿಲ್ಲ. ನಾನು ಅವನ ರೂಮಿಗೆ ಮತ್ತೆ ಕಾಲಿಡಲಿಲ್ಲ. ಅವನಿಗೆ ಅದರಿಂದ ನಷ್ಟವೇನೂ ಆಗಲಿಲ್ಲ, ಬೆರಳು ಅವನ ಹತ್ತಿರವೇ ಉಳಿದಿತ್ತು. ಹೀಗೆ ನನ್ನ ಕೆಲಸ ಬೇಕಾಗಿ ನಾನು ಬೇಡವಾಗುವುದಕ್ಕೆ ಒಂದು ಯಂತ್ರ ಸಿಕ್ಕಿದಂತಾಯಿತು. ಇದನ್ನು ಊರವರು ಸಂಪ್ರದಾಯ ಎಂದರು, ನಾಗೇಶ್ ವ್ಯಾಪಾರ ಎಂದ. ನಾನು ಕಳ್ಳತನ ಎನ್ನುತ್ತೇನೆ.

ಫ್ಲಾಪಿ ಹೋಗಿ ಪೆನ್‌ಡ್ರೈವ್ ಬಂತು. ಒಬ್ಬರಿಂದ ಒಬ್ಬರಿಗೆ ಕಾಪಿಯಾಗುತ್ತಾ ಮಾಧವ್ ಎಂಬ ಹೆಸರೂ ಉದುರಿಹೋಯಿತು. ಪೆಟ್ಟಿಗೆ ಮೇಷ್ಟ್ರುಗಳು ಒಬ್ಬೊಬ್ಬರೇ ಕೆಲಸ ಬಿಟ್ಟರು. ಒಬ್ಬರು ಹೋಟೆಲಿಟ್ಟರು, ಒಬ್ಬರು ವಾಚ್‌ಮನ್ ಆದರು. ನಾನು ಕರೆದ ಕಡೆ ಹೋಗುತ್ತಿದ್ದೆ. ಕರೆಯುವವರು ಬೇರೆಯದಕ್ಕೇ ಕರೆಯತೊಡಗಿದ್ದರು. ಅದನ್ನೂ ಹೇಳುತ್ತೇನೆ, ನಾಚಿಕೆಯಾದರೂ.

ಹಾಸನದ ಕಲಾಭವನದಲ್ಲಿ ಹಗಲು ಹೊತ್ತಿನ ನಾಟಕ ಸ್ಪರ್ಧೆ. ಚನ್ನರಾಯಪಟ್ಟಣದ ಕಡೆಯ ತಂಡವೊಂದರ ನಿರ್ದೇಶಕ ನನ್ನನ್ನು ಕರೆಸಿ, ಕೀಬೋರ್ಡಿನ ಮುಂದೆ ಕೂರಿಸಿ, "ಪದ ಎಲ್ಲಾ ಪೆನ್‌ಡ್ರೈವ್‌ನಲ್ಲಿದೆ ಸರ್. ನೀವು ಕೈ ಆಡಿಸ್ತಾ ಇರಿ ಸಾಕು. ಜಡ್ಜ್‌ಗಳಿಗೆ ಲೈವ್ ಅಂತ ಕಾಣ್ಬೇಕು" ಎಂದ. ಪೆನ್‌ಡ್ರೈವ್‌ನಲ್ಲಿದ್ದದ್ದು ಏನು ಎಂದು ಮೊದಲ ಪದಕ್ಕೇ ಗೊತ್ತಾಯಿತು. ನಾಗೇಶನ ರೂಮಿನಲ್ಲಿ ನಾನು ತುಂಬಿಸಿಕೊಟ್ಟದ್ದೇ. ನನ್ನ ಹಳೆಯ ಕೈಗೆ ನನ್ನ ಈಗಿನ ಕೈ ನಟನೆ ಮಾಡಬೇಕಿತ್ತು. ಎದ್ದು ಹೋಗಬೇಕಿತ್ತು. ಹೋಗಲಿಲ್ಲ.

ಮೂರನೆಯ ಪದ ಈರಣ್ಣನದು. ಅರವತ್ತು ದಾಟಿದ ಕಾಯಿ ವ್ಯಾಪಾರಿ, ಉಬ್ಬಸದವರು. ಅವರಿಗೆ ಸಾಲಿನ ನಡುವೆಯೇ ಉಸಿರು ಬೇಕು. ಟ್ರ್ಯಾಕ್ ಕಾಯಲಿಲ್ಲ. ಬಾರಿಸುವಾಗ ನಾನು ಕಾದದ್ದು ಬೇರೆ ಯಾರದೋ ಊಹೆಯ ಉಸಿರಿಗೆ, ಆ ರೂಮಿನಲ್ಲಿ ಈರಣ್ಣ ಇರಲಿಲ್ಲ. ಅವರು ಒಂದು ಸಾಲು ಹಿಂದೆ ಬಿದ್ದರು, ಆಮೇಲೆ ಎರಡು. ಸಭೆಯಲ್ಲಿ ಸಿಳ್ಳೆ ಶುರುವಾಯಿತು. ಕಿರೀಟ ಹೊತ್ತುಕೊಂಡು ಬಾಯಿ ತೆರೆದು ನಿಂತ ಆ ಮನುಷ್ಯನ ಕಣ್ಣು ನನ್ನ ಕಡೆ ತಿರುಗಿತು. ಪೆನ್‌ಡ್ರೈವ್ ಕಿತ್ತೆ. ಕೀಬೋರ್ಡಿನ ಸೌಂಡ್ ಏರಿಸಿದೆ. ಅವರು ನಿಂತಿದ್ದ ಸಾಲಿನ ಮೊದಲ ಸ್ವರ ಹಿಡಿದುಕೊಂಡು, ಅವರ ಎದೆ ಏರುವುದನ್ನೇ ನೋಡುತ್ತಾ ಕಾದೆ. ಉಸಿರು ಬಂತು, ಪದ ಬಂತು. ಆ ಪದದ ಕೊನೆಯವರೆಗೆ ಹಾಗೆಯೇ ಹೋದೆವು. ಸಿಳ್ಳೆ ನಿಂತಿತು.

ತೀರ್ಪುಗಾರರು ಆ ತಂಡಕ್ಕೆ ಅಂಕ ಕಳೆದರು. ಕಾರಣ, ಹಿನ್ನೆಲೆ ಸಂಗೀತದಲ್ಲಿ ಅಡಚಣೆ! ಇಡೀ ಆಟದಲ್ಲಿ ಒಬ್ಬ ಮನುಷ್ಯ ನಿಜವಾಗಿ ಬಾರಿಸಿದ್ದು ಆ ಒಂದು ಪದಕ್ಕೆ, ಅದೇ ಅವರಿಗೆ ಅಡಚಣೆಯಾಗಿ ಕಂಡಿತು. ನಿರ್ದೇಶಕ ನನ್ನನ್ನು ಎಲ್ಲರ ಎದುರಿಗೆ ಬೈದ. ಈರಣ್ಣ ಮಾತ್ರ ಬಣ್ಣ ಒರೆಸಿಕೊಳ್ಳುತ್ತಾ ಬಂದು ಕೈ ಹಿಡಿದರು. "ನನ್ನುಸ್ರು ಕೇಳಿಸ್ಕಂಡ್ರಲ್ಲಾ ಮೇಷ್ಟ್ರೇ, ಅಷ್ಟು ಸಾಕು ನಂಗೆ."

ಎರಡು ವರ್ಷದ ಹಿಂದೆ ಕೈ ನಡುಗಲು ಶುರುವಾಯಿತು. ಕಾರ್ಯಕ್ರಮ ಒಪ್ಪಿಕೊಳ್ಳುವುದನ್ನು ನಿಲ್ಲಿಸಿದೆ. ಹೋದ ವರ್ಷ ಹಾಸನದಲ್ಲಿ ಹೊಸದಾಗಿ ಸ್ಟುಡಿಯೋ ಮಾಡಿರುವ ನಂದಿನಿ ಎಂಬ ಹೆಣ್ಣುಮಗಳು ನಾಟಕದ ಪದಗಳ ಮಟ್ಟು, ಧಾಟಿಗಳ ಬಗ್ಗೆ ಕೇಳಬೇಕು ಎಂದು ಕರೆಸಿದಳು. ಹಳೇಕೋಟೆ ಕಡೆಯವಳು, ಸೌಂಡ್ ಇಂಜಿನಿಯರಿಂಗ್ ಓದಿದ್ದಾಳೆ. ಒಂದು ಟ್ರ್ಯಾಕ್ ಹಾಕಿ ಕೇಳಿಸಿ, "ನಮ್ಮ ಜಿಲ್ಲೆಯಲ್ಲಿ ಎಲ್ರೂ ಇದನ್ನೇ ಬಳಸ್ತಾರೆ ಸರ್. ಹಳಬರ ಪ್ರಕಾರ ಯಾರೋ ಮಾಧವ್ ಅಂತೆ. ತೀರ್ಕೊಂಡ್ರಂತೆ" ಎಂದಳು.

"ಬದುಕವ್ನೆ ಕಣವ್ವಾ" ಎಂದೆ. "ನಿನ್ನೆದುರಿಗೇ ಕೂತವ್ನೆ."

ಅವಳು ನಂಬಲಿಲ್ಲ. ನಂಬಬೇಕಾಗಿಯೂ ಇರಲಿಲ್ಲ. ನಾನು ಅದೇ ಪದವನ್ನು ನಡುಗುವ ಕೈಯಲ್ಲೇ ಬಾರಿಸಿದೆ. ಅವಳು ಅದನ್ನು ಕಂಪ್ಯೂಟರಿಗೆ ತೆಗೆದುಕೊಂಡು ಪರದೆಯ ಮೇಲೆ ಎರಡನ್ನೂ ಒಂದರ ಕೆಳಗೊಂದು ಇಟ್ಟಳು. ಸ್ವರಗಳು ಉದ್ದುದ್ದ ಪಟ್ಟಿಗಳಾಗಿ ಕಾಣುತ್ತಿದ್ದವು. ಎರಡರಲ್ಲೂ ಕೆಲವು ಉದ್ದ ಪಟ್ಟಿಗಳ ಮುಂದೆ, ಅವೇ ಜಾಗಗಳಲ್ಲಿ, ಅಕ್ಕಿಕಾಳಿನಷ್ಟು ಚಿಕ್ಕ ಪಟ್ಟಿ. "ಇದೇನು ಸರ್?" ಎಂದಳು. ತುದಿ ಇಲ್ಲದ ಬೆರಳು ತೋರಿಸಿದೆ.

ಆ ಪರದೆಗೆ ಪಿಯಾನೋ ರೋಲ್ ಎನ್ನುತ್ತಾರಂತೆ. ನೂರು ವರ್ಷಕ್ಕೂ ಹಿಂದೆ ಹೊರದೇಶದಲ್ಲಿ ಪಿಯಾನೋ ಬಾರಿಸುವವರ ಬೆರಳನ್ನು ಉದ್ದನೆಯ ಕಾಗದದ ಸುರುಳಿಯಲ್ಲಿ ತೂತುಗಳಾಗಿ ಹಿಡಿದಿಡುತ್ತಿದ್ದರಂತೆ. ಸುರುಳಿ ಹಾಕಿದರೆ ಪಿಯಾನೋ ತಾನೇ ಬಾರಿಸುತ್ತಿತ್ತು. ಆ ಹೆಸರೇ ಉಳಿದಿದೆ ಎಂದು ವಿವರಿಸಿದಳು.

"ಆ ಕಾಗದದ ಮೇಲೆ ಬಾರಿಸಿದವರ ಹೆಸ್ರು ಇರ್ತಿತ್ತಾ?" ಎಂದು ಕೇಳಿದೆ.

"ಕೆಲವರದ್ದು ಇತ್ತಂತೆ ಸರ್. ಕೆಲವರದ್ದು ಬೇರೆ ಹೆಸರಲ್ಲಿ ಬಂತಂತೆ."

ನಗು ಬಂತು, ಸಿಟ್ಟೂ ಬಂತು. ನನ್ನದು ಹೊಸ ಕಥೆಯೇನಲ್ಲ ಎಂದು ತಿಳಿದರೆ ಸಮಾಧಾನವಾಗಬೇಕಂತೆ. ನನಗೆ ಆಗಲಿಲ್ಲ. ನೂರು ವರ್ಷದಿಂದ ಗೊತ್ತಿದ್ದೂ ಮಾಡುತ್ತಿದ್ದಾರೆ ಎಂದರೆ ಅದು ಇನ್ನೂ ದೊಡ್ಡ ತಪ್ಪು.

ಹಳೆಯ ಕಾಪಿಗಳನ್ನು ಹಿಂದಕ್ಕೆ ತರುವುದು ಯಾರಿಂದಲೂ ಆಗದು. ಆದರೆ ನಾಗೇಶನಿಗೆ ಕೊಡದೆ ಉಳಿಸಿಕೊಂಡಿದ್ದ, ಆಮೇಲೆ ನಾನೇ ಕೂರಿಸಿದ ಮಟ್ಟುಗಳು ಇಪ್ಪತ್ತರ ಹತ್ತಿರ ಇದ್ದವು. ಅವನ್ನು ತುಂಬಿಸೋಣ ಎಂದು ನಂದಿನಿ ಕೇಳಿದಳು. ಒಂದು ಷರತ್ತು ಹಾಕಿದೆ. ಲೇಬಲ್ ಬೇಡ, ಅದು ಉದುರುತ್ತದೆ. ಪ್ರತಿ ಪದದ ಶುರುವಿಗೆ ಶ್ರುತಿ ಏಳುವಾಗ, ಹಾಡುವವರು ದನಿ ಕೂಡಿಸಿಕೊಳ್ಳುವ ಜಾಗದಲ್ಲೇ, ನನ್ನ ಮಾತು ಇರಬೇಕು. ಅದನ್ನು ಕತ್ತರಿಸಿದರೆ ಶ್ರುತಿಯೂ ಹೋಗಬೇಕು, ಪದ ಶುರುಮಾಡುವ ಎತ್ತುಗಡೆಯೂ ಹೋಗಬೇಕು. ನಂದಿನಿ ಎರಡು ದಿನ ಕೂತು ಹಾಗೇ ಬೆಸೆದಳು. ನಡುಕ ಕಡಿಮೆ ಇರುವ ಬೆಳಗಿನ ಹೊತ್ತಿನಲ್ಲಿ ದಿನಕ್ಕೊಂದು ಪದದಂತೆ ಬಾರಿಸಿ ಮುಗಿಸಿದೆ.

ಮೂರು ಪದ ಹೊರಗೆ ಬಂದ ವಾರಕ್ಕೆ ಫೋನು ಬಂತು. ಒಂದು ನಾಟಕ ತಂಡದ ಯಜಮಾನರು.

"ಮೇಷ್ಟ್ರೇ, ಪದ ಬಾಳ ಚೆನ್ನಾಗವೆ. ಎಲ್ಲಾ ಪದಾನೂ ತಗತೀವಿ. ಆ ಸುರುವಿನ ಮಾತೊಂದ ತೆಗ್ಸಿ ಕೊಡಿ."

"ಯಾಕೆ ಯಜಮಾನ್ರೇ?"

"ಪದಕ್ಕೆ ಅಡ್ಡ ಬತ್ತದೆ."

"ಪದಕ್ಕೆ ಬರಲ್ಲ. ಬೇರೆ ಯಾವುದಕ್ಕೋ ಬತ್ತದೆ. ಯಾವುದಕ್ಕೆ ಅಂತ ನೀವೇ ಏಳಿ."

"ದೇವಸ್ಥಾನದಲ್ಲಿ ಪ್ರಾಕ್ಟೀಸ್ ಮಾಡ್ತೀವಿ ಮೇಷ್ಟ್ರೇ" ಎಂದರು.

"ಮಾಡಿ. ಇಲ್ಲಾ ಅಂದ್ರೆ ನಾನೇ ಬಂದು ಕಲಿಸ್ತೀನಿ, ಕೈ ನಡುಗಿದ್ರೂ ಚಿಂತೆ ಇಲ್ಲ. ಯಾವುದಾಯ್ತದೋ ನೋಡ್ಕಳಿ."

ಫೋನಿಟ್ಟರು. ನಾಲ್ಕು ದಿನ ಬಿಟ್ಟು ನಂದಿನಿಯ ಸ್ಟುಡಿಯೋಗೆ ಅವರ ತಂಡದವನೇ ಬಂದು ಪದಗಳನ್ನು ತೆಗೆದುಕೊಂಡು ಹೋದನಂತೆ, ಮಾತು ಇದ್ದ ಹಾಗೆಯೇ. ಅವರ ಮನಸ್ಸು ಬದಲಾಯಿತು ಎಂದು ನಾನು ನಂಬಿಲ್ಲ. ಆ ಕಡೆ ಬಾರಿಸುವವರು ಬೇರೆ ಯಾರೂ ಉಳಿದಿಲ್ಲ, ಅಷ್ಟೇ. ಇರಲಿ. ಈಗ ಆ ಊರಿನಲ್ಲಿ ಪ್ರತಿ ಸಂಜೆ, ಬಾಗಿಲ ಒಳಗೆ, ಪದ ಎತ್ತುವ ಮೊದಲು ಎಲ್ಲರೂ ಸುಮ್ಮನಾಗಿ ಕೇಳಿಸಿಕೊಳ್ಳಬೇಕು: "ಬಾರಿಸುತ್ತಿರುವವನು ಹೊಳೆನರಸೀಪುರದ ಅಕ್ಕಿ ಮಿಲ್ಲಿನ ಚಿಕ್ಕಯ್ಯನ ಮಗ, ಮಾದಯ್ಯ."